ಬಿಸಿ ತಡೆಯುವ ಬಟ್ಟೆ, ಹಗ್ಗ, ಕಂಬಳಿ: ಕತ್ತರಿ ಹಾಕುವ ಮುಂಚೆ ಓದಿ

ಈ ವಿಷಯದಲ್ಲಿ ಓದುಗರು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಎರಡೇ. ಬೇಕರಿ ನಡೆಸುವವರು, ಬೆಂಗಳೂರಿನ ಪೀಣ್ಯದ ಕಡೆ ಪೌಡರ್ ಕೋಟಿಂಗ್ (ಲೋಹಕ್ಕೆ ಪುಡಿ ಬಣ್ಣ ಹಾಕಿ ಓವನ್ನಿನಲ್ಲಿ ಕಾಯಿಸುವ ಕೆಲಸ) ಶೆಡ್ ಇಟ್ಟವರು ಕೇಳುವುದು: “ಓವನ್ ಬಾಗಿಲಿನ ಹಳೇ ಹಗ್ಗ ಕಿತ್ತು ಹೊಸದು ಹಾಕಬೇಕು. ಹಳೇದು ಆಸ್ಬೆಸ್ಟಾಸ್ ಇರಬಹುದಾ?” ಮನೆ ಮೇಲೆ ಮಡಕೆ ಸುಡುವ ಭಟ್ಟಿಯನ್ನೋ ಪಿಜ್ಜಾ ಓವನ್ನನ್ನೋ ಕಟ್ಟಿಕೊಳ್ಳುವವರು ಕೇಳುವುದು: “ಬಿಳಿ ಕಂಬಳಿ ಕತ್ತರಿಸಿದೆ, ಕೈಯೆಲ್ಲ ಕೆರೆತ. ಕ್ಯಾನ್ಸರ್ ಬರುತ್ತಾ?”

ಎರಡಕ್ಕೂ ಸೇರಿಸಿ ಇಲ್ಲಿ ಬರೆದಿದ್ದೇನೆ. ಚಾವಣಿಗೆ ಹಾಕುವ ಆಸ್ಬೆಸ್ಟಾಸ್ ಶೀಟಿನ ಕಥೆ ಬೇರೆ, ಅದನ್ನು ಇಲ್ಲಿ ತಂದಿಲ್ಲ. ಶೀಟಿನಲ್ಲಿ ನಾರು ಸಿಮೆಂಟಿನೊಳಗೆ ಸಿಕ್ಕಿಕೊಂಡಿರುತ್ತದೆ. ಬಟ್ಟೆ, ಹಗ್ಗ, ಗ್ಲೌಸಿನಲ್ಲಿ ಅದನ್ನು ಹಿಡಿದಿಡುವುದು ನೂಲಿನ ಹುರಿ ಮಾತ್ರ. ಹುರಿ ಸವೆದ ಕಡೆಯೆಲ್ಲ ನಾರು ಗಾಳಿಗೆ ಏಳುತ್ತದೆ. ಆಸ್ಬೆಸ್ಟಾಸ್‌ನಿಂದ ಶ್ವಾಸಕೋಶ ಹಾಳಾಗುತ್ತದೆ ಎಂದು ಜಗತ್ತಿಗೆ ಗೊತ್ತಾಗಿದ್ದೂ ಬಟ್ಟೆಯ ಕೆಲಸದಿಂದಲೇ. ಇಂಗ್ಲೆಂಡಿನ ರೋಚ್‌ಡೇಲ್‌ನ ಆಸ್ಬೆಸ್ಟಾಸ್ ಕಾರ್ಖಾನೆಯಲ್ಲಿ ನೂಲುತ್ತಿದ್ದ ನೆಲ್ಲಿ ಕರ್ಶಾ ಎಂಬ ಕಾರ್ಮಿಕೆ 1924ರಲ್ಲಿ ತೀರಿಕೊಂಡರು. ಅಲ್ಲಿನ ಆಸ್ಬೆಸ್ಟಾಸ್ ಜವಳಿ ಕಾರ್ಮಿಕರನ್ನು ಪರೀಕ್ಷಿಸಿದ ಸರ್ಕಾರಿ ವರದಿ 1930ರಲ್ಲಿ ಬಂತು, ಮಾರನೇ ವರ್ಷ ಧೂಳು ತಡೆಯುವ ನಿಯಮಗಳು ಬಂದವು.

ಕೆಲಸಕ್ಕೆ ಇಳಿಯುವ ಮುಂಚೆ ಒಂದು ವಿಷಯ ತಲೆಯಲ್ಲಿರಲಿ. ಕೆರೆತ ನೋಡಿ ಅಪಾಯ ಅಳೆಯಬೇಡಿ. ಗಾಜಿನ ನಾರು ದಪ್ಪ, ಚರ್ಮಕ್ಕೆ ಚುಚ್ಚುತ್ತದೆ, ಎರಡು ದಿನ ಕಾಟ ಕೊಟ್ಟು ಹೋಗುತ್ತದೆ. ಆಸ್ಬೆಸ್ಟಾಸ್ ಬಟ್ಟೆ ಮುಟ್ಟಿದರೆ ಹಳೇ ಹತ್ತಿ ಕಂಬಳಿಯ ಹಾಗೆ ಮೆತ್ತಗಿರುತ್ತದೆ. ಕೆರೆತ ಇಲ್ಲ, ಕೆಮ್ಮು ಇಲ್ಲ, ವಾಸನೆ ಇಲ್ಲ. ಜನ ನಂಬುವುದು ಅದನ್ನೇ. 3 ಮೈಕ್ರಾನ್‌ಗಿಂತ ಸಣ್ಣ ನಾರು ಶ್ವಾಸಕೋಶದ ತಳದವರೆಗೆ ಇಳಿಯುತ್ತದೆ. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ನಮ್ಮ ತಲೆಗೂದಲೇ ಸುಮಾರು 70 ಮೈಕ್ರಾನ್ ಇರುತ್ತದೆ. ಹಾಗಾಗಿ ಆ ನಾರು ಕಣ್ಣಿಗೆ ಕಾಣುವುದಿಲ್ಲ, ನಿಂತ ಗಾಳಿಯಲ್ಲಿ ಗಂಟೆಗಟ್ಟಲೆ ತೇಲುತ್ತದೆ. ಕಾಯಿಲೆ ಕಾಣಿಸಿಕೊಳ್ಳುವುದು ಸಾಮಾನ್ಯವಾಗಿ 20–40 ವರ್ಷ ಕಳೆದ ಮೇಲೆ.

1. ನಿಮ್ಮ ಕೈಲಿರುವುದು ಯಾವ ನಾರು?

ಅಂಗಡಿಯವರ ಮಾತನ್ನು ಪೂರ್ತಿ ನಂಬಬೇಡಿ. ಎಸ್‌.ಪಿ. ರಸ್ತೆಯಲ್ಲಾಗಲಿ ಬೇರೆಲ್ಲೇ ಆಗಲಿ, ಬಿಸಿ ತಡೆಯುವ ಯಾವ ಹಗ್ಗಕ್ಕೂ ‘ಆಸ್ಬೆಸ್ಟಾಸ್ ರೋಪ್’ ಅನ್ನುವ ಅಭ್ಯಾಸ ಇದೆ. ಆಸ್ಬೆಸ್ಟಾಸ್ ಕೇಳಿದರೆ ಗಾಜಿನದು ಕೊಡಬಹುದು, ಉಲ್ಟಾ ಕೂಡ ಆಗಬಹುದು. ನಮ್ಮ ದೇಶದಲ್ಲಿ ಆಸ್ಬೆಸ್ಟಾಸ್‌ಗೆ ಪೂರ್ತಿ ನಿಷೇಧ ಇಲ್ಲ. ಹೊರಗಿನಿಂದ ಆಮದಾಗುತ್ತದೆ, ಅದರ ಗ್ಲೌಸು ಈಗಲೂ ಮಾರಾಟಕ್ಕಿದೆ. ಯುರೋಪಿನ ಒಕ್ಕೂಟ 2005ರಲ್ಲೇ ನಿಷೇಧಿಸಿದ್ದನ್ನು ನಾವಿಲ್ಲಿ ಬರಿಗೈಲಿ ಹರಿಯುತ್ತೇವೆ.

ಸಿಗುವ ಮಾಲು ಮುಖ್ಯವಾಗಿ ನಾಲ್ಕು ಬಗೆ.

ಆಸ್ಬೆಸ್ಟಾಸ್, ಕನ್ನಡದಲ್ಲಿ ಕಲ್ನಾರು. ನೆಲದಿಂದ ಅಗೆದು ತೆಗೆಯುವ ಖನಿಜ. ಬಟ್ಟೆಗೆ ಹೆಚ್ಚಾಗಿ ಬಳಸಿದ್ದು ಕ್ರೈಸೊಟೈಲ್ ಎಂಬ ಬಿಳಿ ಬಗೆ. ಬಿಳಿಯದು ಸುರಕ್ಷಿತ, ನೀಲಿಯದು ಮಾತ್ರ ಕೆಟ್ಟದ್ದು ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಎಲ್ಲ ಬಗೆಯ ಆಸ್ಬೆಸ್ಟಾಸನ್ನೂ ‘ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತ’ ಎಂಬ ಮೊದಲ ಗುಂಪಿನಲ್ಲಿ ಇಟ್ಟಿದೆ.

ಸೆರಾಮಿಕ್ ಫೈಬರ್. ಹಾಲಿನಂಥ ಬಿಳಿ, ಹತ್ತಿಯಂತೆ ಉಬ್ಬಿದ ಕಂಬಳಿ. ‘ಸೆರಾವೂಲ್’ ಅಂತಲೂ ಕೇಳುತ್ತಾರೆ. 1260 ಡಿಗ್ರಿ ದರ್ಜೆಯದು ಹೆಚ್ಚು ಬಳಕೆಯಲ್ಲಿದೆ. ಇದು ಆಸ್ಬೆಸ್ಟಾಸ್ ಅಲ್ಲ, ಆದರೆ ಸಾಧು ಕೂಡ ಅಲ್ಲ. ಅದೇ ಸಂಸ್ಥೆ ಇದನ್ನು ‘ಕ್ಯಾನ್ಸರ್ ತರುವ ಸಾಧ್ಯತೆ ಇದೆ’ ಎಂಬ ಗುಂಪಿನಲ್ಲಿ ಇಟ್ಟಿದೆ.

ಎ.ಇ.ಎಸ್. ಉಣ್ಣೆ. ನೋಡಲು ಸೆರಾಮಿಕ್ ಫೈಬರಿನಂತೆಯೇ. ಕ್ಯಾಲ್ಸಿಯಂ, ಮೆಗ್ನೀಸಿಯಂ ಸೇರಿಸಿ ಮಾಡಿರುವುದರಿಂದ ದೇಹದೊಳಗೆ ಹೋದರೂ ಬೇಗ ಕರಗುತ್ತದೆ. ‘ಬಯೋ ಸಾಲ್ಯುಬಲ್’ ಎಂದು ಕೇಳಿ.

ಗಾಜಿನ ಬಟ್ಟೆ, ಹಗ್ಗ. ನುಣುಪು, ಹೊಳಪು, ಮಡಿಸಿದರೆ ಜಾರುತ್ತದೆ. ಸುಮಾರು 500 ಡಿಗ್ರಿವರೆಗೆ ಸಾಕು. ನಾರು ದಪ್ಪ ಇರುವುದರಿಂದ ಶ್ವಾಸಕೋಶದ ತಳಕ್ಕೆ ಇಳಿಯುವುದು ಕಡಿಮೆ. ರಾಕ್‌ವೂಲ್, ಗ್ಲಾಸ್‌ವೂಲ್ ಕೂಡ ಹತ್ತಿರ ಹತ್ತಿರ ಇದೇ ಸಾಲಿಗೆ ಬರುತ್ತವೆ. ಬೈಕಿನ ಸೈಲೆನ್ಸರಿಗೆ ಸುತ್ತುವ ಟೇಪು ಸಾಮಾನ್ಯವಾಗಿ ಗಾಜಿನದು, ಇಲ್ಲವೇ ಬಸಾಲ್ಟ್ ಕಲ್ಲಿನದು.

ಹಳೇ ಹಗ್ಗ ಬೂದು ಮಿಶ್ರಿತ ಬಿಳಿ ಇದ್ದು, ಹೊಳಪಿಲ್ಲದೆ, ಮೇಲೆಲ್ಲ ನವಿರು ನವಿರಾಗಿ ಕೂದಲೆದ್ದಿದ್ದರೆ ಅನುಮಾನ ಪಡಿ. ಲೈಟರ್ ಹಚ್ಚಿ ನೋಡುವ ‘ಪರೀಕ್ಷೆ’ ತುಂಬ ಜನ ಮಾಡುತ್ತಾರೆ. ಅದು ಸುಮ್ನೆ. ಆಸ್ಬೆಸ್ಟಾಸ್ ಉರಿಯುವುದಿಲ್ಲ ನಿಜ, ಆದರೆ ಸೆರಾಮಿಕ್ಕೂ ಉರಿಯುವುದಿಲ್ಲ. ಮೇಲಾಗಿ ಆಸ್ಬೆಸ್ಟಾಸ್ ನೂಲಿಗೆ ಹತ್ತಿ ಬೆರೆಸುವುದುಂಟು. ಮೊದಲು ಬಟ್ಟೆ ಸುಟ್ಟ ವಾಸನೆ ಬರುತ್ತದೆ, ನೀವು ‘ಓ, ಇದು ಬರೀ ಹತ್ತಿ’ ಅಂದುಕೊಂಡು ಎಳೆದಾಡುತ್ತೀರಿ. ಖಚಿತವಾಗಿ ಗೊತ್ತಾಗಬೇಕು ಅಂದರೆ ಎನ್‌ಎಬಿಎಲ್ (ಲ್ಯಾಬುಗಳನ್ನು ಪರಿಶೀಲಿಸುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಲ್ಯಾಬಿನಲ್ಲಿ ಸೂಕ್ಷ್ಮದರ್ಶಕದ ಪರೀಕ್ಷೆಯೇ ಆಗಬೇಕು. ಉಗುರಿನಷ್ಟು ತುಂಡನ್ನು ಒದ್ದೆ ಮಾಡಿ ಕತ್ತರಿಸಿ, ಎರಡು ಜಿಪ್ ಕವರಿನಲ್ಲಿ ಹಾಕಿ ಕಳಿಸಿ. ಕಳಿಸುವ ಮುಂಚೆ ಆ ಲ್ಯಾಬು ಆಸ್ಬೆಸ್ಟಾಸ್ ಪರೀಕ್ಷೆ ಮಾಡುತ್ತದಾ ಎಂದು ಫೋನಿನಲ್ಲಿ ಕೇಳಿಕೊಳ್ಳಿ. ಎಲ್ಲರೂ ಮಾಡುವುದಿಲ್ಲ.

ಪರೀಕ್ಷೆಗೆ ಸಮಯ ಇಲ್ಲವೇ? ಹಳೇದು, ಯಾವುದೆಂದು ಗೊತ್ತಿಲ್ಲ ಅಂದರೆ ಆಸ್ಬೆಸ್ಟಾಸ್ ಎಂದೇ ಲೆಕ್ಕ.

2. ತೆಗೆಯಲೇಬೇಕಾ? ನೀವೇ ತೆಗೆಯಬೇಕಾ?

ಹಗ್ಗ ಗಟ್ಟಿಯಾಗಿದೆ, ಹರಿದಿಲ್ಲ, ಉದುರುತ್ತಿಲ್ಲ ಅಂದರೆ ಅವಸರ ಬೇಡ. ಸುಮ್ಮನಿರುವ ನಾರು ಯಾರಿಗೂ ತೊಂದರೆ ಕೊಡುವುದಿಲ್ಲ. ಬೇಕರಿಯಲ್ಲಿ ಮಾತ್ರ ಈ ಮಾತು ಪೂರ್ತಿ ಒಪ್ಪುವುದಿಲ್ಲ. ದಿನಕ್ಕೆ ಎಷ್ಟೋ ಸಲ ಬಾಗಿಲು ಬಡಿಯುತ್ತದೆ, ಹಗ್ಗದ ಕೆಳಗೇ ಬನ್ನಿನ ಟ್ರೇ ಹಾದು ಹೋಗುತ್ತದೆ. ಅಂಚು ಬಿಚ್ಚಿಕೊಂಡಿದ್ದರೆ ಬದಲಾಯಿಸಿ.

ಬಾಗಿಲಿನ ಒಂದೆರಡು ಮೀಟರ್ ಹಗ್ಗ, ಒಂದು ಜೊತೆ ಗ್ಲೌಸು, ಒಂದು ಹಳೇ ವೆಲ್ಡಿಂಗ್ ಪರದೆ ಇಷ್ಟನ್ನು ಎಚ್ಚರದಿಂದ ನೀವೇ ನಿಭಾಯಿಸಬಹುದು. ಬಾಯ್ಲರ್ ಮೈಗೆ ಸುತ್ತಿದ ಹೊದಿಕೆ, ಹಬೆ ಪೈಪಿನ ಮೇಲಿನ ಬಟ್ಟೆ ಮತ್ತು ಗಾರೆ, ದೊಡ್ಡ ಫರ್ನೇಸಿನ ಒಳಪದರ ಇದ್ದರೆ ಕೈ ಹಾಕಬೇಡಿ. ಅದಕ್ಕೆ ಜಾಗ ಪೂರ್ತಿ ಮುಚ್ಚಿ, ಗಾಳಿ ಸೋಸಿ ಕೆಲಸ ಮಾಡುವ ತಂಡ ಬೇಕು. “ಇಬ್ಬರು ಹುಡುಗರನ್ನು ಬಿಟ್ಟರೆ ಅರ್ಧ ದಿನದಲ್ಲಿ ಕಿತ್ತು ಹಾಕ್ತಾರೆ ಸಾರ್” ಎನ್ನುವ ಗುತ್ತಿಗೆದಾರರನ್ನು ಅಲ್ಲಿಂದಲೇ ವಾಪಸ್ ಕಳಿಸಿ. ಆ ಹುಡುಗರಿಗೆ ಮುಂದೆ ಬರುವ ಕಾಯಿಲೆಗೆ ಅವರು ಹೊಣೆ ಹೊರುವುದಿಲ್ಲ.

3. ಬೇಕಾದ ಸಾಮಾನು

ಮಾಸ್ಕಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಕರ್ಚೀಫು, ಬಟ್ಟೆ ಮಾಸ್ಕು, ಆಸ್ಪತ್ರೆಯ ನೀಲಿ ಮಾಸ್ಕು ಇದಕ್ಕೆ ಲೆಕ್ಕಕ್ಕೇ ಇಲ್ಲ. ಕೋವಿಡ್ ಕಾಲದ ಎನ್95 ಮನೆಯಲ್ಲಿ ಉಳಿದಿದೆಯಲ್ವಾ, ಅದನ್ನು ಗಾಜಿನ ಬಟ್ಟೆ ಕತ್ತರಿಸಲು ಇಟ್ಟುಕೊಳ್ಳಿ. ಆಸ್ಬೆಸ್ಟಾಸ್‌ಗೆ ಅದು ಸಾಲದು. ಪಿ100 ಅಥವಾ ಪಿ3 ಫಿಲ್ಟರ್ ಹಾಕುವ ರಬ್ಬರಿನ ಅರ್ಧ ಮುಖದ ಮಾಸ್ಕ್ ತೆಗೆದುಕೊಳ್ಳಿ. ಒಮ್ಮೆ ಬಳಸಿ ಬಿಸಾಡುವ ಎಫ್‌ಎಫ್‌ಪಿ3 ಕೂಡ ನಡೆಯುತ್ತದೆ, ಭಾರತೀಯ ಮಾನಕದ ಐ.ಎಸ್. 9473 ಗುರುತು ನೋಡಿ ಕೊಳ್ಳಿ. ಹಾಕಿಕೊಂಡ ಮೇಲೆ ಫಿಲ್ಟರನ್ನು ಅಂಗೈಯಿಂದ ಮುಚ್ಚಿ ಉಸಿರು ಎಳೆಯಿರಿ. ಮಾಸ್ಕು ಮುಖಕ್ಕೆ ಒತ್ತಿ ಅಂಟಿಕೊಳ್ಳಬೇಕು. ಗಡ್ಡ ಇದ್ದರೆ ಅಂಟುವುದಿಲ್ಲ. ಎರಡು ದಿನದ ಕುರುಚಲು ಕೂಡ ಸಾಕು, ಗಾಳಿ ಪಕ್ಕದಿಂದ ನುಗ್ಗುತ್ತದೆ.

ಉಳಿದದ್ದು ಸುಲಭ: ಗಿಡಕ್ಕೆ ಔಷಧಿ ಹೊಡೆಯುವ ಕೈಪಂಪು, ಪಾತ್ರೆ ತೊಳೆಯುವ ಲಿಕ್ವಿಡ್, ಬಿಸಾಡಬಹುದಾದ ಮೇಲಂಗಿ, ರಬ್ಬರ್ ಗ್ಲೌಸು, ಕನ್ನಡಕ, 150 ಮೈಕ್ರಾನ್ ದಪ್ಪದ ಪಾಲಿಥೀನ್ ಹಾಳೆ ಮತ್ತು ಚೀಲ, ಅಗಲದ ಟೇಪು, ಪುಟ್ಟಿ ಕೆರೆಯುವ ಪಟ್ಟಿ, ಹಳೇ ಬನಿಯನ್ ಬಟ್ಟೆ.

4. ಜಾಗ ಸಿದ್ಧ ಮಾಡುವುದು

ಓವನ್ ಪೂರ್ತಿ ತಣ್ಣಗಾಗಲಿ. ಮೇನ್ ಸ್ವಿಚ್ ಆಫ್ ಮಾಡಿ, ಗ್ಯಾಸ್ ವಾಲ್ವ್ ಮುಚ್ಚಿ. ನೀವು ನೀರು ಹೊಡೆಯುವವರಿದ್ದೀರಿ, ಇದನ್ನು ಮರೆಯಬೇಡಿ. ಫ್ಯಾನು, ಎಕ್ಸಾಸ್ಟು ಎಲ್ಲ ನಿಲ್ಲಿಸಿ. ಹಿಟ್ಟಿನ ಮೂಟೆ, ಟ್ರೇ, ಅಚ್ಚು ಆಚೆ ಸಾಗಿಸಿ, ಸಾಗಿಸಲಾಗದ್ದನ್ನು ಮುಚ್ಚಿ. ಬಾಗಿಲಿನ ಕೆಳಗೆ ಪಾಲಿಥೀನ್ ಹಾಸಿ, ಅಂಚನ್ನು ಟೇಪಿನಿಂದ ಅಂಟಿಸಿ. ಬೇರೆಯವರು, ಮುಖ್ಯವಾಗಿ ಮಕ್ಕಳು ಒಳಗೆ ಬರಬಾರದು. ಅಂಗಡಿಗೆ ವಾರದ ರಜೆ ಇರುವ ದಿನ ಇಟ್ಟುಕೊಳ್ಳುವುದು ಒಳ್ಳೇದು.

5. ತೆಗೆಯುವುದು

ನೀರಿಗೆ ಒಂದೆರಡು ಹನಿ ಪಾತ್ರೆ ಲಿಕ್ವಿಡ್ ಹಾಕಿ. ಬರೀ ನೀರು ನಾರಿನ ಮೇಲೆ ಜಾರಿ ಹೋಗುತ್ತದೆ, ಸೋಪು ಇದ್ದರೆ ಒಳಗೆ ಇಳಿಯುತ್ತದೆ. ಪಂಪಿನ ಮೂತಿಯನ್ನು ಮಂಜಿನಂತೆ ಬರುವ ಹಾಗೆ ತಿರುಗಿಸಿ, ದೂರದಿಂದ ಮೆಲ್ಲಗೆ ಹೊಡೆಯಿರಿ. ನೇರ ಧಾರೆ ಬಿಟ್ಟರೆ ಅದೇ ನಾರನ್ನು ಎಬ್ಬಿಸುತ್ತದೆ. ಹತ್ತು ನಿಮಿಷ ಬಿಟ್ಟು ಮತ್ತೆ ಹೊಡೆಯಿರಿ. ಹಗ್ಗವನ್ನು ಒತ್ತಿದರೆ ಒಳಗಿನಿಂದ ನೀರು ಒಸರಬೇಕು. ಮೇಲೆ ಒದ್ದೆ, ನಡುವೆ ಒಣ ಇರುವ ಹಗ್ಗ ಎಳೆದ ಕೂಡಲೇ ಸೀಳಿಕೊಂಡು ಒಣ ನಾರು ಉದುರಿಸುತ್ತದೆ. ಮೋಸ ಆಗುವುದು ಅಲ್ಲೇ.

ಒಂದು ತುದಿಯಿಂದ ಶುರುಮಾಡಿ, ಹಗ್ಗ ಕೂತಿರುವ ತೋಡಿನಿಂದ ಮೆಲ್ಲಗೆ ಬಿಡಿಸುತ್ತಾ, ಬಿಡಿಸಿದ್ದನ್ನು ಹಾಗೇ ಚೀಲದೊಳಗೆ ಸುತ್ತಿಕೊಳ್ಳುತ್ತಾ ಹೋಗಿ. ತುಂಡು ಮಾಡಬೇಡಿ. ಹಳೇ ಅಂಟು ಗಟ್ಟಿಯಾಗಿ ಕೂತಿದ್ದರೆ ಒದ್ದೆ ಮಾಡಿ ಪುಟ್ಟಿ ಪಟ್ಟಿಯಿಂದ ಕೆರೆಯಿರಿ. ಗ್ರೈಂಡರಿಗೆ ವೈರ್ ಬ್ರಶ್ ಸಿಕ್ಕಿಸಿ ಉಜ್ಜುವುದು ಅತಿ ಕೆಟ್ಟ ಕೆಲಸ. ಐದು ನಿಮಿಷದಲ್ಲಿ ತೋಡು ಫಳಫಳ ಹೊಳೆಯುತ್ತದೆ, ಹಗ್ಗದಲ್ಲಿ ಉಳಿದಿದ್ದ ನಾರೆಲ್ಲ ರೂಮಿನ ಗಾಳಿಯಲ್ಲಿರುತ್ತದೆ.

ಇಲ್ಲೇ ಗ್ಲೌಸಿನ ಮಾತು ಹೇಳಿಬಿಡುತ್ತೇನೆ. ಫರ್ನೇಸ್ ಮುಂದೆ ಕೆಲಸ ಮಾಡುವವರ ಹಳೇ ಗ್ಲೌಸು ನೋಡಿ. ಅಂಗೈ, ಹೆಬ್ಬೆರಳಿನ ಕವಲು ಸವೆದು ಬಟ್ಟೆ ಪಾರದರ್ಶಕ ಆಗಿರುತ್ತದೆ. ಅಲ್ಲಿದ್ದ ನೂಲು ಎಲ್ಲಿ ಹೋಯಿತು? ಊಟಕ್ಕೆ ಹೋಗುವಾಗ ಎರಡೂ ಗ್ಲೌಸನ್ನು ಕಂಬಕ್ಕೆ ಪಟಪಟ ಬಡಿದು ಕಿಸೆಗೆ ಸಿಕ್ಕಿಸುತ್ತಾರಲ್ಲ, ಆ ಬಡಿತದಲ್ಲಿ ಒಂದಷ್ಟು ಹೋಯಿತು, ಮುಖದ ಬೆವರು ಒರೆಸಿಕೊಂಡಾಗ ಇನ್ನೊಂದಷ್ಟು. ಇಂಥ ಗ್ಲೌಸನ್ನು ಒಗೆಯಬೇಡಿ, ಹೊಲಿಯಬೇಡಿ. ಒದ್ದೆ ಮಾಡಿ ಚೀಲಕ್ಕೆ ಹಾಕಿ. ಬದಲಿಗೆ ಕೆವ್ಲಾರ್ ಎಂಬ ಬಿಸಿ ತಾಳುವ ಕೃತಕ ನಾರಿನ ಅಥವಾ ಚರ್ಮದ ಗ್ಲೌಸು ಸಿಗುತ್ತವೆ.

6. ಸ್ವಚ್ಛ ಮಾಡುವುದು

ಪೊರಕೆ ಬೇಡ. ಕಂಪ್ರೆಸರ್ ಗಾಳಿ ಹೊಡೆಯುವುದು ಬೇಡವೇ ಬೇಡ. ಮನೆಯ ವ್ಯಾಕ್ಯೂಮ್ ಕ್ಲೀನರ್ ಕೂಡ ಬೇಡ, ಅದು ಸಣ್ಣ ನಾರನ್ನು ಮುಂದಿನಿಂದ ಎಳೆದು ಹಿಂದಿನಿಂದ ಊದುತ್ತದೆ. ಒದ್ದೆ ಬಟ್ಟೆಯಿಂದ ಒಂದೇ ದಿಕ್ಕಿಗೆ ಒರೆಸಿ, ಮಡಿಸಿ, ಮತ್ತೆ ಒರೆಸಿ, ಚೀಲಕ್ಕೆ ಹಾಕಿ. ಆ ಬಟ್ಟೆಯನ್ನು ಬಕೆಟಿನಲ್ಲಿ ಜಾಲಿಸಿ ಮತ್ತೆ ಬಳಸಬೇಡಿ. ಕತ್ತಲು ಮಾಡಿ ಟಾರ್ಚನ್ನು ಅಡ್ಡಲಾಗಿ ಹಿಡಿದರೆ ತೇಲುವ ಧೂಳು ಕಾಣುತ್ತದೆ. ಕಂಡರೆ ಕೆಲಸ ಮುಗಿದಿಲ್ಲ. ಕಾಣದಿದ್ದರೆ ಧೂಳೇ ಇಲ್ಲ ಎಂದು ಅರ್ಥ ಅಲ್ಲ, ಅತಿ ಸಣ್ಣದು ಟಾರ್ಚಿಗೂ ಸಿಗುವುದಿಲ್ಲ.

ಬಿಚ್ಚುವ ಕ್ರಮ ಮುಖ್ಯ. ಮೊದಲು ಮೇಲಂಗಿಗೆ ನೀರು ಚಿಮುಕಿಸಿ, ಒಳಮೈ ಹೊರಗೆ ಬರುವ ಹಾಗೆ ಸುತ್ತಿ ತೆಗೆಯಿರಿ. ಆಮೇಲೆ ಗ್ಲೌಸು. ಮಾಸ್ಕು ಕೊನೆಗೆ. ಸೆಖೆ ಅಂತ ಮೊದಲು ಮಾಸ್ಕು ಕಿತ್ತೆಸೆಯುವವರೇ ಜಾಸ್ತಿ. ಅಲ್ಲೇ ಸ್ನಾನ ಮಾಡಿ ಮನೆಗೆ ಹೋಗಿ. ಕೆಲಸದ ಬಟ್ಟೆ ಮನೆಯ ಬಟ್ಟೆಯ ಜೊತೆ ಸೇರಬಾರದು. ಕಾರ್ಖಾನೆಯ ಬಾಗಿಲನ್ನೇ ನೋಡದ ಹೆಂಗಸರು, ಗಂಡನ ಬಟ್ಟೆ ಒಗೆದದ್ದರಿಂದಲೇ ಆಸ್ಬೆಸ್ಟಾಸ್ ಕಾಯಿಲೆಗೆ ಬಿದ್ದ ಪ್ರಕರಣಗಳು ಹಲವು ದೇಶಗಳಲ್ಲಿ ದಾಖಲಾಗಿವೆ.

7. ಕಸ ಎಲ್ಲಿಗೆ?

ಎರಡು ಚೀಲದಲ್ಲಿ ಹಾಕಿ, ಬಾಯಿ ತಿರುಚಿ, ಟೇಪು ಸುತ್ತಿ, ಮೇಲೆ ‘ಆಸ್ಬೆಸ್ಟಾಸ್, ತೆರೆಯಬೇಡಿ’ ಎಂದು ದೊಡ್ಡದಾಗಿ ಬರೆಯಿರಿ. ಬೀದಿಯ ಕಸದ ಗಾಡಿಗೆ ಹಾಕಬೇಡಿ. ಕಸ ವಿಂಗಡಿಸುವವರು ಅದನ್ನು ಕೈಯಿಂದಲೇ ಬಿಚ್ಚುತ್ತಾರೆ. ಗುಜರಿಗೂ ಕೊಡಬೇಡಿ, ಅಲ್ಲಿಂದ ಅದು ಇನ್ನೊಬ್ಬರ ಒಲೆಗೆ ಹೋಗುತ್ತದೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿ ಆಸ್ಬೆಸ್ಟಾಸ್ ಧೂಳು ಮತ್ತು ನಾರು ಸೇರಿವೆ. ಅಪಾಯಕಾರಿ ತ್ಯಾಜ್ಯವನ್ನು ಘಟಕದಲ್ಲಿ ಇಟ್ಟುಕೊಳ್ಳಲು ಸಾಮಾನ್ಯವಾಗಿ 90 ದಿನದ ಮಿತಿ ಇದೆ. ಬೆಂಗಳೂರಿನ ಸುತ್ತಲಿನ ಅಪಾಯಕಾರಿ ತ್ಯಾಜ್ಯವನ್ನು ಹೂಳುವ ಜಾಗ ನೆಲಮಂಗಲದಾಚೆ ದಾಬಸ್‌ಪೇಟೆಯಲ್ಲಿದೆ. ಸಣ್ಣ ಪ್ರಮಾಣ ಇದ್ದರೂ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ನಿಮ್ಮ ವಲಯದ ಕಚೇರಿಗೆ ಬರೆದು ದಾರಿ ಕೇಳಿ. ಮಂಡಳಿಯ ಮುಖ್ಯ ಕಚೇರಿ ಚರ್ಚ್ ಸ್ಟ್ರೀಟಿನ ಪರಿಸರ ಭವನದಲ್ಲಿದೆ. ಸ್ವಲ್ಪ ಓಡಾಟ ಆಗುತ್ತದೆ, ಸುಳ್ಳು ಹೇಳುವುದಿಲ್ಲ.

8. ಹೊಸದು ಹಾಕುವಾಗ

ಬಿಸಿ ಎಷ್ಟು ಎಂದು ಮೊದಲು ನೋಡಿ. ಬೇಕರಿ ಓವನ್ 200–300 ಡಿಗ್ರಿ, ಪೌಡರ್ ಕೋಟಿಂಗ್ ಓವನ್ ಸುಮಾರು 200. ಇದಕ್ಕೆ ಗಾಜಿನ ಹಗ್ಗ ಧಾರಾಳ ಸಾಕು. 1260 ಡಿಗ್ರಿಯದು ‘ಇನ್ನೂ ಒಳ್ಳೇದು’ ಎಂದು ಸೆರಾಮಿಕ್ ತಂದರೆ ದುಡ್ಡೂ ಜಾಸ್ತಿ, ಅಪಾಯವೂ ಜಾಸ್ತಿ. ಭಟ್ಟಿ ಕಟ್ಟುವವರು ಮೊದಲು ಎ.ಇ.ಎಸ್. ಕೇಳಿ, ನಿಮ್ಮ ಬಿಸಿಗೆ ಅದು ತಾಳದಿದ್ದರೆ ಮಾತ್ರ ಸೆರಾಮಿಕ್. ಡಬ್ಬಿಯ ಮೇಲಿನ ಡಿಗ್ರಿಯೇ ದಿನಾ ಉರಿಸುವ ಡಿಗ್ರಿ ಅಲ್ಲ, ಅದಕ್ಕಿಂತ 100–150 ಕಡಿಮೆ ಹಿಡಿಯಿರಿ. ಮಾಲಿನ ಜೊತೆ ಸುರಕ್ಷತಾ ಮಾಹಿತಿ ಹಾಳೆ ಕೇಳಿ. ಅದರಲ್ಲಿ ಯಾವ ನಾರು ಎಂದು ಬರೆದಿರುತ್ತದೆ.

ಕಂಬಳಿಯನ್ನು ಕೈಯಿಂದ ಹರಿಯಬೇಡಿ, ಕರೆಂಟ್ ಗರಗಸ ಬಳಸಬೇಡಿ. ಹರಿತವಾದ ಚಾಕುವಿನಿಂದ, ಗಾಳಿಯಾಡುವ ಜಾಗದಲ್ಲಿ, ಮಾಸ್ಕು ಹಾಕಿ ಕತ್ತರಿಸಿ. ಪಿಜ್ಜಾ ಓವನ್ನಿನಲ್ಲಿ ಕಂಬಳಿ ಬರಿದಾಗಿ ಕಾಣುವಂತೆ ಬಿಡಬೇಡಿ, ಮೇಲೆ ಗಾರೆ ಬೀಳಲೇಬೇಕು. ಮೊದಲ ಸಲ ಉರಿಸುವಾಗ ಅಂಟು ಸುಟ್ಟು ಹೊಗೆ ಬರಬಹುದು, ಕಿಟಕಿ ತೆರೆದು ಆಚೆ ಇರಿ.

ಭಟ್ಟಿ ರಿಪೇರಿಗೆ ಬಂದಾಗ ಇನ್ನೊಂದು ಅಪಾಯ ಇದೆ. ಸಾವಿರ ಡಿಗ್ರಿ ಆಸುಪಾಸಿನಲ್ಲಿ ವರ್ಷಗಟ್ಟಲೆ ಕಾದ ಸೆರಾಮಿಕ್ ಕಂಬಳಿಯ ಒಂದು ಭಾಗ ಕ್ರಿಸ್ಟೊಬಲೈಟ್ ಆಗುತ್ತದೆ. ಇದು ಹರಳಾದ ಸಿಲಿಕಾ, ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ತರುವ ಧೂಳು, ಕ್ಯಾನ್ಸರ್ ಪಟ್ಟಿಯಲ್ಲೂ ಮೊದಲ ಗುಂಪು. ಹೊಸದಾಗಿದ್ದಾಗ ಸ್ಪಂಜಿನಂತಿದ್ದ ಕಂಬಳಿ ಮುಟ್ಟಿದರೆ ಪುಡಿಯಾಗುತ್ತಿದೆ ಅಂದರೆ, ಮೇಲೆ ಆಸ್ಬೆಸ್ಟಾಸ್‌ಗೆ ಹೇಳಿದ್ದೆಲ್ಲ ಅದಕ್ಕೂ ಅನ್ವಯ.

9. ಮೈಗೆ ತಾಗಿದರೆ, ಒಳಗೆ ಹೋಗಿದ್ದರೆ

ಕೆರೆತಕ್ಕೆ: ಉಜ್ಜಬೇಡಿ. ಟೇಪು ಅಂಟಿಸಿ ಎತ್ತಿದರೆ ಚರ್ಮದ ಮೇಲಿನ ನಾರು ಬರುತ್ತದೆ. ಆಮೇಲೆ ಹರಿಯುವ ನೀರು, ಮೆತ್ತನೆ ಸೋಪು. ಕಣ್ಣಿಗೆ ಬಿದ್ದರೆ 15 ನಿಮಿಷ ನೀರು ಬಿಡಿ, ಕೆಂಪಾಗಿಯೇ ಉಳಿದರೆ ಕಣ್ಣಿನ ಡಾಕ್ಟರು.

ಒಂದು ಸಲ, ಗೊತ್ತಿಲ್ಲದೆ ಹಳೇ ಹಗ್ಗ ಕಿತ್ತುಬಿಟ್ಟೆ ಎನ್ನುವವರಿಗೆ: ಗಾಬರಿ ಬೇಡ. ಕಾಯಿಲೆಯ ಅಪಾಯ ಒಳಗೆ ಹೋದ ನಾರಿನ ಪ್ರಮಾಣದ ಜೊತೆ ಏರುತ್ತದೆ, ಒಂದು ದಿನದ್ದು ತೀರಾ ಕಡಿಮೆ. ಮಾರನೇ ದಿನ ಎಕ್ಸ್‌ರೇ ತೆಗೆಸಿದರೆ ಏನೂ ಕಾಣುವುದಿಲ್ಲ, ದುಡ್ಡು ದಂಡ. ತಾರೀಖು, ಏನು ಮಾಡಿದಿರಿ ಎಂದು ಬರೆದಿಡಿ ಸಾಕು. ಸಿಗರೇಟು, ಬೀಡಿ ಸೇದುವವರು ಮಾತ್ರ ಬಿಡಲೇಬೇಕು. ಆಸ್ಬೆಸ್ಟಾಸ್ ಮತ್ತು ಹೊಗೆ ಎರಡೂ ಸೇರಿದಾಗ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಒಂದೊಂದರದ್ದಕ್ಕಿಂತ ಎಷ್ಟೋ ಪಟ್ಟು ಏರುತ್ತದೆ.

ವರ್ಷಗಟ್ಟಲೆ ಈ ಕೆಲಸ ಮಾಡಿದವರ ವಿಷಯ ಬೇರೆ. ಮೆಟ್ಟಿಲು ಹತ್ತಿದರೆ ಏದುಸಿರು, ಬಿಡದ ಒಣಕೆಮ್ಮು, ಬೆರಳ ತುದಿ ಗುಂಡಗಾಗುವುದು ಇದ್ದರೆ ಶ್ವಾಸಕೋಶದ ತಜ್ಞರ ಬಳಿ ಹೋಗಿ. ಶ್ವಾಸಕೋಶ ಗಾಯಗೊಂಡು ಗಟ್ಟಿಯಾಗುವ ಅಸ್ಬೆಸ್ಟೋಸಿಸ್ ಇರಬಹುದು. ಶ್ವಾಸಕೋಶದ ಹೊರಪೊರೆಗೆ ಬರುವ ಮೆಸೊಥೆಲಿಯೋಮಾ ಎಂಬ ಕ್ಯಾನ್ಸರ್ ಇನ್ನೂ ತಡವಾಗಿ ಬರುತ್ತದೆ. ಡಾಕ್ಟರು ಕೇಳದಿದ್ದರೂ ನೀವೇ ಹೇಳಿ: ಯಾವ ವರ್ಷದಿಂದ ಯಾವ ವರ್ಷದವರೆಗೆ, ಎಲ್ಲಿ, ಯಾವ ಬಟ್ಟೆ, ಕತ್ತರಿಸುತ್ತಿದ್ದಿರಾ, ಹೊಲಿಯುತ್ತಿದ್ದಿರಾ. ಹೇಳದಿದ್ದರೆ ಟಿ.ಬಿ. ಅಥವಾ ಆಸ್ತಮಾ ಲೆಕ್ಕದಲ್ಲಿ ವರ್ಷ ಕಳೆಯಬಹುದು. ಇ.ಎಸ್.ಐ. ಕಾರ್ಡ್ ಇದ್ದವರು ರಾಜಾಜಿನಗರ ಅಥವಾ ಪೀಣ್ಯದ ಇ.ಎಸ್.ಐ. ಆಸ್ಪತ್ರೆಗೆ ಹೋಗಬಹುದು. ಅಸ್ಬೆಸ್ಟೋಸಿಸ್ ಕಾನೂನಿನ ಔದ್ಯೋಗಿಕ ಕಾಯಿಲೆಗಳ ಪಟ್ಟಿಯಲ್ಲಿದೆ, ಅಂದರೆ ಪರಿಹಾರ ಕೇಳುವ ಹಕ್ಕು ನಿಮಗಿದೆ.

ಆಸ್ಬೆಸ್ಟಾಸ್ ಕೆಲಸ ನಡೆಯುವ ಘಟಕದ ಮಾಲೀಕರಿಗೆ ಒಂದು ಮಾತು. ಸುಪ್ರೀಂ ಕೋರ್ಟು 1995ರ ಜನವರಿಯ ತೀರ್ಪಿನಲ್ಲಿ, ಆಸ್ಬೆಸ್ಟಾಸ್ ಉದ್ಯಮದ ಪ್ರತಿ ಕಾರ್ಮಿಕನ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದ ದಿನದಿಂದ 40 ವರ್ಷ ಅಥವಾ ಕೆಲಸ ಬಿಟ್ಟ ಮೇಲೆ 15 ವರ್ಷ, ಯಾವುದು ತಡವೋ ಅಲ್ಲಿಯವರೆಗೆ ಇಡಬೇಕೆಂದು ಹೇಳಿದೆ. ಕಾರ್ಮಿಕರು ಅದರ ಒಂದು ಪ್ರತಿ ಕೇಳಿ ತೆಗೆದುಕೊಳ್ಳಿ. ಶೆಡ್ಡು ಮುಚ್ಚಿ ಹೋದರೂ ಕಾಗದ ನಿಮ್ಮ ಕೈಲಿರುತ್ತದೆ.